ಯುದ್ಧ ಮುಗಿಯಿತು, ಮನೆ ಹೋಯಿತು

ಎರಡನೇ ಮಹಾಯುದ್ಧದ ಕೊನೆಯಲ್ಲಿ ಪೂರ್ವ ಮತ್ತು ಮಧ್ಯ ಯೂರೋಪಿನಿಂದ ಸುಮಾರು 1 ಕೋಟಿ 20 ಲಕ್ಷ ಜರ್ಮನರು ಎತ್ತಂಗಡಿಯಾದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು ಮತ್ತು ಮುದುಕರು. ಇಷ್ಟು ದೊಡ್ಡ ಗುಳೆ ಏಕೆ ನಡೆಯಿತು? ಬೂದಿಯಾದ ಒಂದು ದೇಶ ಇಷ್ಟೊಂದು ಜನರಿಗೆ ಸೂರು ಕೊಟ್ಟಿದ್ದು ಹೇಗೆ?

1945ರ ಮೇ 8. ಯೂರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದ ದಿನ. ಲಂಡನ್, ಪ್ಯಾರಿಸ್ ಬೀದಿಗಳಲ್ಲಿ ಜನ ಕುಣಿದರು. ಪರೀಕ್ಷೆಗೆ ಓದುವ ವಿದ್ಯಾರ್ಥಿ ಈ ತಾರೀಖಿನ ಕೆಳಗೆ ಗೆರೆ ಎಳೆದು, ವಿಶ್ವಸಂಸ್ಥೆಯ ಸ್ಥಾಪನೆ, ಶೀತಲ ಸಮರ ಎಂದು ಮುಂದಿನ ಅಧ್ಯಾಯಕ್ಕೆ ಹೊರಳುತ್ತಾನೆ. ಈ ಎರಡು ಅಧ್ಯಾಯಗಳ ನಡುವೆ ಒಂದು ಪುಟ ಹೆಚ್ಚಿನ ಪಠ್ಯಪುಸ್ತಕಗಳಲ್ಲಿ ಬಿಟ್ಟುಹೋಗಿರುತ್ತದೆ.

ಆ ಪುಟದಲ್ಲಿ ಇರುವವರು ಸೋತ ದೇಶದ ಸಾಮಾನ್ಯ ಜನ. ಯುದ್ಧ ಶುರು ಮಾಡಿದ್ದು ಅವರ ಸರ್ಕಾರ. ಅರವತ್ತು ಲಕ್ಷ ಯಹೂದಿಗಳನ್ನು ಕೊಂದದ್ದೂ ಅದೇ ಸರ್ಕಾರ. ಹಾಗಾಗಿ ಅವರ ಕಷ್ಟ ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂದು ಜಗತ್ತು ಮುಖ ತಿರುಗಿಸಿತು. ಆದರೆ ಮಾಡಿದವರು ಯಾರು, ಉಂಡವರು ಯಾರು ಎಂದು ಕೇಳುತ್ತ ಹೋದರೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಅವರು ಅಲ್ಲಿಗೆ ಬಂದದ್ದು ಯಾವಾಗ?

ಮನೆಯಲ್ಲಿ ಅಟ್ಲಾಸ್ ಇದ್ದರೆ ತೆಗೆದು ಯೂರೋಪಿನ ಪುಟ ನೋಡಿ. ಇಂದಿನ ಜರ್ಮನಿಯ ಪೂರ್ವದ ಗಡಿ ಓಡರ್ ಮತ್ತು ನೈಸೆ ಎಂಬ ಎರಡು ನದಿಗಳ ಗುಂಟ ಸಾಗುತ್ತದೆ. ಯುದ್ಧಕ್ಕೆ ಮೊದಲು ಜರ್ಮನಿ ಈ ನದಿಗಳ ಆಚೆಗೂ ಬಹುದೂರ ಹಬ್ಬಿತ್ತು. ಸೈಲೀಸಿಯ, ಪೊಮೆರೇನಿಯ, ಪೂರ್ವ ಪ್ರಷ್ಯ ಇವೆಲ್ಲ ಜರ್ಮನಿಯ ಪ್ರಾಂತ್ಯಗಳೇ. ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಹುಟ್ಟಿ, ಬಾಳಿ, ಮಣ್ಣಾದ ಕೋನಿಗ್ಸ್‌ಬರ್ಗ್ ಪೂರ್ವ ಪ್ರಷ್ಯದ ರಾಜಧಾನಿ.

ಜರ್ಮನಿಯ ಗಡಿಯ ಹೊರಗೂ ಜರ್ಮನ್ ಮಾತನಾಡುವ ಲಕ್ಷಾಂತರ ಜನರಿದ್ದರು. ಜೆಕೊಸ್ಲೊವಾಕಿಯದ ಅಂಚಿನ ಬೆಟ್ಟಸೀಮೆಯಲ್ಲಿ ಸುಮಾರು 30 ಲಕ್ಷ ‘ಸುಡೇಟನ್ ಜರ್ಮನರು’ ಇದ್ದರು. ಹಂಗೆರಿ, ಯುಗೊಸ್ಲಾವಿಯ, ರುಮೇನಿಯಗಳಲ್ಲಿ ಡ್ಯಾನ್ಯೂಬ್ ನದಿಯ ಬಯಲಿನಲ್ಲಿ ಇನ್ನೂ ಹಲವು ಲಕ್ಷ ಮಂದಿ ರೈತರಿದ್ದರು. ಇವರ ಪೂರ್ವಿಕರು ಅಲ್ಲಿಗೆ ಹೋದದ್ದು ದಂಡೆತ್ತಿ ಅಲ್ಲ. ಕಾಡು ಕಡಿದು ಊರು ಕಟ್ಟಲು, ಗಣಿ ತೋಡಲು ಮಧ್ಯಯುಗದ ರಾಜರು ಅವರನ್ನು ಕರೆಸಿಕೊಂಡಿದ್ದರು. ಡ್ಯಾನ್ಯೂಬ್ ಬಯಲಿಗೆ ಹದಿನೆಂಟನೇ ಶತಮಾನದಲ್ಲಿ ಆಸ್ಟ್ರಿಯದ ಹ್ಯಾಪ್ಸ್‌ಬರ್ಗ್ ಅರಸರು ಒಕ್ಕಲು ತಂದು ನೆಲೆಗೊಳಿಸಿದ್ದರು. ತಲೆತಲಾಂತರದಿಂದ ಜೆಕ್, ಪೋಲಿಷ್, ಹಂಗೇರಿಯನ್ ನೆರೆಹೊರೆಯವರ ಜತೆಯಲ್ಲೇ ಅವರ ಹುಟ್ಟು, ಮದುವೆ, ಸಾವು ನಡೆದಿತ್ತು. ಎರಡು ಭಾಷೆ ಬಲ್ಲ ಮಕ್ಕಳು ಆ ಊರುಗಳಲ್ಲಿ ಸಾಮಾನ್ಯ.

ಮೊದಲ ಮಹಾಯುದ್ಧದ ನಂತರ ಹಳೆಯ ಸಾಮ್ರಾಜ್ಯಗಳು ಒಡೆದು ಹೊಸ ದೇಶಗಳು ಹುಟ್ಟಿದಾಗ ಈ ಜನ ರಾತ್ರೋರಾತ್ರಿ ‘ಅಲ್ಪಸಂಖ್ಯಾತರು’ ಎನಿಸಿಕೊಂಡರು. ಅವರ ಅಸಮಾಧಾನವನ್ನು ಹಿಟ್ಲರ್ ಚೆನ್ನಾಗಿ ಬಳಸಿಕೊಂಡ. ಸುಡೇಟನ್ ಜರ್ಮನರನ್ನು ಕಾಪಾಡುವ ನೆಪದಲ್ಲಿ 1938ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಒಪ್ಪಂದ ಮಾಡಿಸಿ ಜೆಕೊಸ್ಲೊವಾಕಿಯದ ಅಂಚನ್ನು ನುಂಗಿದ. ಆರು ತಿಂಗಳಲ್ಲಿ ಉಳಿದ ಜೆಕ್ ನಾಡೂ ಅವನ ಕೈವಶವಾಯಿತು. ಸುಡೇಟನ್ ಜರ್ಮನರಲ್ಲಿ ಬಹುಪಾಲು ಮಂದಿ ಅವನನ್ನು ಹೂಮಾಲೆ ಹಿಡಿದು ಸ್ವಾಗತಿಸಿದ್ದು ಸುಳ್ಳಲ್ಲ. ವಿರೋಧಿಸಿದ ಸಮಾಜವಾದಿ ಜರ್ಮನರು ಸೆರೆಶಿಬಿರ ಸೇರಿದ್ದೂ ಸುಳ್ಳಲ್ಲ.

ಆಮೇಲೆ ನಡೆದದ್ದು ಕ್ರೌರ್ಯದ ಪರಮಾವಧಿ. ನಾಜಿ ಅಧಿಕಾರಿ ಹೈಡ್ರಿಖ್‌ನ ಹತ್ಯೆಗೆ ಸೇಡಾಗಿ 1942ರ ಜೂನ್ 10ರಂದು ಲಿಡಿಟ್ಸೆ ಎಂಬ ಜೆಕ್ ಹಳ್ಳಿಯ 173 ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಲಾಯಿತು. ಪೋಲೆಂಡಿನಲ್ಲಿ ಸುಮಾರು 60 ಲಕ್ಷ ನಾಗರಿಕರು ಸತ್ತರು. ಅವರಲ್ಲಿ ಅರ್ಧದಷ್ಟು ಜನ ಯಹೂದಿಗಳು. ಲಕ್ಷಾಂತರ ಪೋಲಿಷರನ್ನು ಮನೆಯಿಂದ ಹೊರಹಾಕಿ, ಆ ಮನೆಗಳಲ್ಲಿ ಜರ್ಮನರನ್ನು ತಂದು ಕೂರಿಸಲಾಯಿತು. ಎತ್ತಂಗಡಿಯ ಆಟವನ್ನು ಮೊದಲು ಆಡಿದ್ದು ನಾಜಿಗಳೇ ಎಂಬುದನ್ನು ಮರೆಯುವಂತಿಲ್ಲ.

ಹಿಮದ ಮೇಲಿನ ಗುಳೆ

1945ರ ಜನವರಿ ಮಧ್ಯದಲ್ಲಿ ಸೋವಿಯತ್ ಸೇನೆ ಪೂರ್ವ ಪ್ರಷ್ಯದೊಳಕ್ಕೆ ನುಗ್ಗಿತು. ಅಲ್ಲಿನ ನಾಜಿ ಮುಖ್ಯಸ್ಥ ಎರಿಕ್ ಕೋಖ್, ಊರು ಬಿಡುವ ಸಿದ್ಧತೆ ಮಾಡುವುದೇ ದೇಶದ್ರೋಹ ಎಂದು ಸಾರಿದ್ದ. ಅಪ್ಪಣೆ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಕೋಖ್ ಮಾತ್ರ ಸಕಾಲದಲ್ಲಿ ಪಾರಾದ. ಗಂಡಸರೆಲ್ಲ ಯುದ್ಧರಂಗದಲ್ಲಿದ್ದರು. ಹೆಂಗಸರು ಕುದುರೆಗಾಡಿಗೆ ಹಾಸಿಗೆ, ರೊಟ್ಟಿ, ಮಕ್ಕಳು, ಅತ್ತೆ ಮಾವಂದಿರನ್ನು ಹೇರಿಕೊಂಡು ಮೈ ಕೊರೆಯುವ ಹಿಮದಲ್ಲಿ ಪಶ್ಚಿಮಕ್ಕೆ ಹೊರಟರು.

ಕೆಲವೇ ದಿನಗಳಲ್ಲಿ ಭೂಮಾರ್ಗ ಮುಚ್ಚಿತು. ಉಳಿದದ್ದು ಸಮುದ್ರ. ಬಂದರು ಮುಟ್ಟಲು ಸಾವಿರಾರು ಗಾಡಿಗಳು ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ಸಾಲುಗಟ್ಟಿ ನಡೆದವು. ಮೇಲಿನಿಂದ ವಿಮಾನಗಳ ಗುಂಡು, ಕೆಳಗೆ ಬಿರುಕು ಬಿಡುವ ಮಂಜುಗಡ್ಡೆ. ಗಾಡಿ, ಕುದುರೆ, ಸಂಸಾರ ಸಮೇತ ಮುಳುಗಿದವರ ಲೆಕ್ಕ ಯಾರೂ ಇಟ್ಟಿಲ್ಲ.

ಜನವರಿ 30ರ ರಾತ್ರಿ ‘ವಿಲ್‌ಹೆಲ್ಮ್ ಗುಸ್ಟ್‌ಲಾಫ್’ ಎಂಬ ಹಡಗು ಬಾಲ್ಟಿಕ್ ಸಮುದ್ರದಲ್ಲಿ ಸಾಗುತ್ತಿತ್ತು. ಎರಡು ಸಾವಿರದಷ್ಟು ಜನರಿಗಾಗಿ ಕಟ್ಟಿದ ಆ ವಿಹಾರ ನೌಕೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ತುಂಬಿದ್ದರೆಂದು ಅಂದಾಜು. ನೌಕಾಪಡೆಯ ಸಿಬ್ಬಂದಿಯೂ ಇದ್ದರು. ಉಳಿದವರೆಲ್ಲ ನಿರಾಶ್ರಿತರು. ಸೋವಿಯತ್ ಜಲಾಂತರ್ಗಾಮಿಯ ಮೂರು ಟಾರ್ಪೆಡೊಗಳು ಬಡಿದು ಸುಮಾರು ಒಂದು ಗಂಟೆಯಲ್ಲಿ ಹಡಗು ಮುಳುಗಿತು. ಸತ್ತವರು ಸುಮಾರು 9,000 ಮಂದಿ. ಟೈಟಾನಿಕ್ ದುರಂತದಲ್ಲಿ ಸತ್ತವರು 1,500. ಟೈಟಾನಿಕ್ ಹೆಸರು ಕೇಳದ ಮಗುವಿಲ್ಲ. ಗುಸ್ಟ್‌ಲಾಫ್ ಹೆಸರು ಕೇಳಿದವರು ಎಷ್ಟು ಮಂದಿ?

ಓಡದೆ ಉಳಿದವರ ಪಾಡು ಇನ್ನೂ ಘೋರ. ಸೋವಿಯತ್ ಸೈನಿಕರು ತಮ್ಮ ದೇಶದಲ್ಲಿ ಸುಟ್ಟ ಹಳ್ಳಿಗಳನ್ನು ದಾಟಿ ಬಂದವರು. ಅವರ ದೇಶ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡಿತ್ತು. ಆ ಸೇಡು ಕೈಗೆ ಸಿಕ್ಕ ಹೆಂಗಸರ ಮೇಲೆ ತೀರಿತು. ವ್ಯಾಪಕವಾಗಿ ನಡೆದ ಆ ಅತ್ಯಾಚಾರಗಳ ಬಗ್ಗೆ ಸಂತ್ರಸ್ತ ಮಹಿಳೆಯರು ದಶಕಗಳ ಕಾಲ ಸ್ವಂತ ಮಕ್ಕಳ ಮುಂದೆಯೂ ಬಾಯಿ ಬಿಡಲಿಲ್ಲ.

ತೋಳಿಗೆ ಬಿಳಿ ಪಟ್ಟಿ

ಯುದ್ಧ ಮುಗಿದ ಮೇಲೆ ಎರಡನೆಯ ಅಂಕ ಶುರುವಾಯಿತು. ಜೆಕೊಸ್ಲೊವಾಕಿಯದಲ್ಲಿ ಜರ್ಮನರು ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಳ್ಳಬೇಕೆಂದು ಆಜ್ಞೆಯಾಯಿತು. ಹಲವೆಡೆ ಅದರ ಮೇಲೆ ‘ಜರ್ಮನ್’ ಎಂಬುದರ ಜೆಕ್ ಮೊದಲಕ್ಷರ. ಯಹೂದಿಗಳಿಗೆ ಹಳದಿ ನಕ್ಷತ್ರ ತೊಡಿಸಿದ್ದ ನೆನಪು ಇನ್ನೂ ಹಸಿಯಾಗಿದ್ದ ಕಾಲವದು. ಅಧ್ಯಕ್ಷ ಬೆನೆಶ್ ಹೊರಡಿಸಿದ ಶಾಸನಗಳಿಂದ ಅವರ ಆಸ್ತಿಯೂ ಪೌರತ್ವವೂ ಹೋದವು. ನಾಜಿಗಳ ವಿರುದ್ಧ ಹೋರಾಡಿದ ಜರ್ಮನರಿಗೆ ಕಾಗದದ ಮೇಲೆ ವಿನಾಯಿತಿ ಇತ್ತು. ಅದನ್ನು ಸಾಬೀತುಪಡಿಸುವ ಹೊಣೆ ಮಾತ್ರ ಅವರದೇ.

ಮೇ 30ರ ರಾತ್ರಿ ಬರ್ನೋ ನಗರದ ಸುಮಾರು 20,000 ಜರ್ಮನರನ್ನು ಮನೆಯಿಂದ ಎಬ್ಬಿಸಿ ಆಸ್ಟ್ರಿಯದ ಗಡಿಯ ಕಡೆಗೆ ಕಾಲ್ನಡಿಗೆಯಲ್ಲಿ ಅಟ್ಟಲಾಯಿತು. ಗುಂಪಿನಲ್ಲಿದ್ದವರು ಹೆಚ್ಚಾಗಿ ತಾಯಂದಿರು, ಹಸುಗೂಸುಗಳು, ಕೋಲೂರಿ ನಡೆಯುವ ಮುದುಕರು. ದಾರಿಯಲ್ಲಿ ಪೊಹೊರ್ಜೆಲಿಟ್ಸೆ ಎಂಬಲ್ಲಿ ತಡೆದು ಕೂಡಿಹಾಕಿದಾಗ ಆಮಶಂಕೆ ಹಬ್ಬಿತು. ಸುಮಾರು 1,700 ಮಂದಿ ಸತ್ತರೆಂಬುದು ಒಂದು ಅಂದಾಜು. ಜುಲೈ 31ರಂದು ಊಸ್ತಿ ಪಟ್ಟಣದಲ್ಲಿ ಮದ್ದಿನ ಉಗ್ರಾಣ ಸಿಡಿಯಿತು. ಜರ್ಮನರೇ ಮಾಡಿದ್ದೆಂದು ಸುದ್ದಿ ಹಬ್ಬಿ, ಉದ್ರಿಕ್ತರು ಬಿಳಿ ಪಟ್ಟಿಯವರನ್ನು ಸೇತುವೆಯ ಮೇಲಿಂದ ಎಲ್ಬೆ ನದಿಗೆ ಎಸೆದರು. ಸಿಟ್ಟಿಗೆ ಕಾರಣವಿತ್ತು, ನಿಜ. ಆದರೆ ನದಿಗೆ ಬಿದ್ದ ಹೆಂಗಸಿಗೂ ಲಿಡಿಟ್ಸೆಯ ಗುಂಡಿಗೂ ಏನು ಸಂಬಂಧ?

ನಕ್ಷೆಯ ಮೇಲಿನ ಗೆರೆ

ಈ ಉಚ್ಚಾಟನೆ ಕೇವಲ ಬೀದಿಯ ಆಕ್ರೋಶವಾಗಿರಲಿಲ್ಲ. ಗೆದ್ದ ದೊಡ್ಡ ದೇಶಗಳ ಒಪ್ಪಿಗೆಯೂ ಇತ್ತು. 1944ರ ಡಿಸೆಂಬರ್ 15ರಂದೇ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಸಂಸತ್ತಿನಲ್ಲಿ, ಜನರನ್ನು ಪೂರ್ತಿಯಾಗಿ ಹೊರಸಾಗಿಸುವುದೇ ಶಾಶ್ವತ ಪರಿಹಾರ, ಬೆರೆತ ಜನಸಂಖ್ಯೆಯಿಂದ ಕೊನೆಯಿಲ್ಲದ ತಂಟೆ ಎಂಬ ಅರ್ಥದ ಮಾತು ಆಡಿದ್ದರು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ನಡುವೆ ನಡೆದ ಜನವಿನಿಮಯ ಆ ಕಾಲದ ರಾಜಕಾರಣಿಗಳಿಗೆ ಮಾದರಿಯಾಗಿತ್ತು.

ಸೋವಿಯತ್ ನಾಯಕ ಸ್ಟಾಲಿನ್, ಪೋಲೆಂಡಿನ ಪೂರ್ವ ಭಾಗವನ್ನು ತನ್ನ ದೇಶಕ್ಕೆ ಸೇರಿಸಿಕೊಂಡ. ಅದಕ್ಕೆ ಬದಲಾಗಿ ಪೋಲೆಂಡಿಗೆ ಜರ್ಮನಿಯ ಪೂರ್ವ ಪ್ರಾಂತ್ಯಗಳು ಸಿಕ್ಕವು. ಹೀಗೆ ಒಂದು ದೇಶವನ್ನೇ ಪೂರ್ವದಿಂದ ಪಶ್ಚಿಮಕ್ಕೆ ಸರಿಸಿದಂತಾಯಿತು. 1945ರ ಜುಲೈ 17ರಿಂದ ಆಗಸ್ಟ್ 2ರವರೆಗೆ ಬರ್ಲಿನ್ ಬಳಿಯ ಪಾಟ್ಸ್‌ಡ್ಯಾಮ್‌ನಲ್ಲಿ ಸೇರಿದ ಅಮೆರಿಕ, ಬ್ರಿಟನ್, ಸೋವಿಯತ್ ನಾಯಕರು ಪೋಲೆಂಡ್, ಜೆಕೊಸ್ಲೊವಾಕಿಯ ಮತ್ತು ಹಂಗೆರಿಗಳಿಂದ ಜರ್ಮನರ ಸ್ಥಳಾಂತರಕ್ಕೆ ಮುದ್ರೆ ಒತ್ತಿದರು. ಅದು ಕ್ರಮಬದ್ಧವಾಗಿಯೂ ಮಾನವೀಯವಾಗಿಯೂ ನಡೆಯಬೇಕು ಎಂದು ಷರತ್ತು ಹಾಕಿದರು.

ಆರೇ ದಿನಗಳ ನಂತರ, ಆಗಸ್ಟ್ 8ರಂದು, ನಾಜಿ ನಾಯಕರ ವಿಚಾರಣೆಗಾಗಿ ಲಂಡನ್ನಿನಲ್ಲಿ ಸಹಿಯಾದ ಸನ್ನದು ನಾಗರಿಕರ ಗಡೀಪಾರನ್ನು ಮಾನವತೆಯ ವಿರುದ್ಧದ ಅಪರಾಧಗಳ ಪಟ್ಟಿಗೆ ಸೇರಿಸಿತು. ಸಹಿ ಹಾಕಿದ ದೇಶಗಳಲ್ಲಿ ಆ ಮೂರೂ ಇದ್ದವು!

1945ರ ನವೆಂಬರ್‌ನಲ್ಲಿ ಮಿತ್ರರಾಷ್ಟ್ರಗಳು ವೇಳಾಪಟ್ಟಿ ತಯಾರಿಸಿದವು. ಪೋಲೆಂಡಿನಿಂದ 35 ಲಕ್ಷ, ಜೆಕೊಸ್ಲೊವಾಕಿಯದಿಂದ 25 ಲಕ್ಷ, ಹಂಗೆರಿಯಿಂದ 5 ಲಕ್ಷ ಜನ. ಜೆಕ್ ರೈಲುಗಳ ಲೆಕ್ಕ ಹೀಗಿತ್ತು: ಒಂದು ರೈಲಿಗೆ 40 ಗೂಡ್ಸ್ ವ್ಯಾಗನ್, ವ್ಯಾಗನ್‌ಗೆ 30 ಮಂದಿ, ಒಟ್ಟು 1,200. ತಲೆಗೆ 30ರಿಂದ 50 ಕಿಲೋ ಸಾಮಾನು. ಮನೆ, ಹೊಲ, ದನಕರು, ಹಿರಿಯರ ಸಮಾಧಿ ಎಲ್ಲವನ್ನೂ ಬಿಟ್ಟು 50 ಕಿಲೋದಲ್ಲಿ ಏನು ಕಟ್ಟಿಕೊಳ್ಳುವುದು? ಓದುಗರು ಒಮ್ಮೆ ತಮ್ಮ ಮನೆಯ ಸುತ್ತ ಕಣ್ಣಾಡಿಸಿ ಲೆಕ್ಕ ಹಾಕಬಹುದು.

ಖಾಲಿಯಾದ ಮನೆಗಳಿಗೆ ಬಂದವರೂ ಸುಖದಿಂದ ಬಂದವರಲ್ಲ. ಇಂದು ಉಕ್ರೇನಿನಲ್ಲಿರುವ ಲ್ವಿವ್ ಮತ್ತಿತರ ಪೂರ್ವದ ಊರುಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಪೋಲಿಷರು ಹೀಗೇ ಗಂಟುಮೂಟೆ ಕಟ್ಟಿ ಬಂದಿದ್ದರು. ಜರ್ಮನರ ಬ್ರೆಸ್ಲಾವ್ ನಗರ ಪೋಲಿಷರ ವ್ರೊಟ್ಸ್ವಾಫ್ ಆಯಿತು. ಲ್ವಿವ್‌ನ ಪ್ರಸಿದ್ಧ ಒಸ್ಸೊಲಿನ್ಸ್ಕಿ ಗ್ರಂಥಾಲಯದ ಒಂದು ಭಾಗವೂ ಅಲ್ಲಿಗೆ ಬಂತು. ಕೆಲವು ಮನೆಗಳಲ್ಲಿ ಹೊರಡಬೇಕಾದ ಜರ್ಮನ್ ಸಂಸಾರ ಮತ್ತು ಬಂದಿಳಿದ ಪೋಲಿಷ್ ಸಂಸಾರ ವಾರಗಟ್ಟಲೆ ಒಂದೇ ಒಲೆಯಲ್ಲಿ ಅಡಿಗೆ ಮಾಡಿದ್ದುಂಟು.

ಹೆಸರು ಕಳೆದುಕೊಂಡ ಮಕ್ಕಳು

ಪೂರ್ವ ಪ್ರಷ್ಯದ ಉತ್ತರ ಭಾಗ ಸೋವಿಯತ್ ಒಕ್ಕೂಟಕ್ಕೆ ಸೇರಿತು. ಅಲ್ಲಿ ಸಿಕ್ಕಿಬಿದ್ದ ಜರ್ಮನರ ನಡುವೆ ಎರಡು ವರ್ಷ ಹಸಿವು ಮತ್ತು ವಿಷಮಜ್ವರ ಕೈಗೆ ಸಿಕ್ಕವರನ್ನೆಲ್ಲ ಒಯ್ದವು. ತಾಯಿ ತೀರಿಕೊಂಡ ಮಕ್ಕಳು ಕಾಡುದಾರಿಯಲ್ಲಿ, ಗೂಡ್ಸ್ ರೈಲುಗಳಲ್ಲಿ ಪಕ್ಕದ ಲಿಥುವೇನಿಯಕ್ಕೆ ಹೋಗಿ ಮನೆಮನೆಯ ಬಾಗಿಲಲ್ಲಿ ಬೇಡಿದವು. ಇವರನ್ನೇ ‘ತೋಳಮಕ್ಕಳು’ ಎಂದು ಕರೆಯುತ್ತಾರೆ.

ಲಿಥುವೇನಿಯದ ರೈತರು, ತಾವೇ ಬಡವರಾಗಿದ್ದರೂ, ಅಧಿಕಾರಿಗಳ ಕಣ್ಣು ತಪ್ಪಿಸಿ ಎಷ್ಟೋ ಮಕ್ಕಳಿಗೆ ಅನ್ನ ಕೊಟ್ಟರು, ಸೂರು ಕೊಟ್ಟರು. ಜತೆಗೆ ಹೊಸ ಹೆಸರನ್ನೂ ಕೊಟ್ಟರು. ಜರ್ಮನ್ ಎಂದು ಗೊತ್ತಾದರೆ ಅಪಾಯವಿತ್ತು. ಮಕ್ಕಳು ದನ ಕಾದರು, ಶಾಲೆ ಕಾಣಲಿಲ್ಲ, ಕ್ರಮೇಣ ತಾಯ್ನುಡಿ ಮರೆತರು. 1990ರ ದಶಕದ ಆರಂಭದಲ್ಲಿ ಲಿಥುವೇನಿಯ ಸ್ವತಂತ್ರವಾದ ಮೇಲೆಯೇ ಅವರು ಬಹಿರಂಗವಾಗಿ ತಾವು ಯಾರೆಂದು ಹೇಳಿಕೊಂಡದ್ದು. ಅಷ್ಟರಲ್ಲಿ ಅವರಿಗೆ ಐವತ್ತು, ಅರವತ್ತರ ವಯಸ್ಸು.

ಗದ್ದಲದಲ್ಲಿ ಕೈ ತಪ್ಪಿದ ಮಕ್ಕಳು ಜರ್ಮನಿಯ ಒಳಗೂ ಲೆಕ್ಕವಿಲ್ಲದಷ್ಟಿದ್ದರು. ರೆಡ್‌ಕ್ರಾಸ್ ಸಂಸ್ಥೆಯ ಹುಡುಕಾಟ ವಿಭಾಗ ಮಕ್ಕಳ ಭಾವಚಿತ್ರಗಳ ಭಿತ್ತಿಪತ್ರಗಳನ್ನು ಎಲ್ಲೆಡೆ ಅಂಟಿಸಿತು. ಹೆಸರು ಗೊತ್ತಿಲ್ಲ, ಕಣ್ಣು ನೀಲಿ, ಇಂಥ ಕಡೆ ಸಿಕ್ಕಿದ್ದು, ಇಷ್ಟೇ ವಿವರ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಕಾರ್ಡುಗಳ ಮೇಲೆ ಕೈಯಲ್ಲಿ ಬರೆದು, ತಾಳೆ ನೋಡಿ, ಸಾವಿರ ಸಾವಿರ ಮಕ್ಕಳನ್ನು ತಾಯಿಯ ಮಡಿಲಿಗೆ ಸೇರಿಸಿದರು. ಆ ಕೆಲಸ ದಶಕಗಳ ಕಾಲ ನಡೆಯಿತು.

ಬೇಡವಾದ ನೆಂಟರು

ಜರ್ಮನಿ ತಲುಪಿದರೆ ಕಷ್ಟ ಮುಗಿಯಿತೇ? ಇಲ್ಲ. ದೇಶ ನಾಲ್ಕು ವಲಯಗಳಾಗಿ ಹರಿದುಹೋಗಿತ್ತು. ನಗರಗಳು ಬಾಂಬಿಗೆ ನೆಲಸಮವಾಗಿದ್ದವು. 1946ರ ವಸಂತದಲ್ಲಿ ಬ್ರಿಟಿಷ್ ವಲಯದ ಪಡಿತರ ದಿನಕ್ಕೆ ಸುಮಾರು 1,000 ಕ್ಯಾಲೊರಿಗೆ ಇಳಿದಿತ್ತು. ದೊಡ್ಡವರಿಗೆ ಬೇಕಾದ ಆಹಾರದ ಅರ್ಧಕ್ಕಿಂತ ಕಡಿಮೆ. ಉತ್ತರದ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ಪ್ರಾಂತ್ಯದಲ್ಲಿ ಯುದ್ಧಕ್ಕೆ ಮೊದಲು 16 ಲಕ್ಷದಷ್ಟಿದ್ದ ಜನಸಂಖ್ಯೆ 1949ರ ವೇಳೆಗೆ 27 ಲಕ್ಷ ಮುಟ್ಟಿತು.

ಅಧಿಕಾರಿಗಳು ಹಳ್ಳಿಗಳ ಮನೆಮನೆಗೆ ಹೋಗಿ ಕೋಣೆ ಎಣಿಸಿ, ಹೆಚ್ಚುವರಿ ಕೋಣೆಗೆ ಒಂದು ಸಂಸಾರವನ್ನು ನುಗ್ಗಿಸಿದರು. ಮನೆಯೊಡೆಯರ ಮುಖ ಗಂಟಾಯಿತು. ಭಾಷೆ ಒಂದೇ ಆದರೂ ಮಾತಿನ ರೀತಿ ಬೇರೆ. ಪ್ರೊಟೆಸ್ಟೆಂಟ್ ಹಳ್ಳಿಗೆ ಕ್ಯಾಥೊಲಿಕರು ಬಂದರು, ಕ್ಯಾಥೊಲಿಕ್ ಹಳ್ಳಿಗೆ ಪ್ರೊಟೆಸ್ಟೆಂಟರು. ಒಲೆ ಯಾವಾಗ ಹಚ್ಚಬೇಕು, ಬಚ್ಚಲು ಯಾರು ಮೊದಲು ಬಳಸಬೇಕು ಎಂಬುದಕ್ಕೆಲ್ಲ ಜಗಳ. ‘ಪೋಲೆಂಡಿನ ತಿರುಕರು’ ಎಂಬಂಥ ಬೈಗುಳ ಶಾಲೆಯ ಮಕ್ಕಳ ಬಾಯಲ್ಲೂ ಇತ್ತು. ಒಂದೇ ರಕ್ತ, ಒಂದೇ ನುಡಿ ಎಂದು ಹನ್ನೆರಡು ವರ್ಷ ಕೂಗಿದ್ದ ದೇಶ ತನ್ನವರನ್ನೇ ಪರಕೀಯರಂತೆ ಕಂಡಿತು.

ಅಂತರರಾಷ್ಟ್ರೀಯ ನೆರವೂ ಇವರ ಪಾಲಿಗೆ ದೂರವೇ. 1946ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆಯ ನಿಯಮಾವಳಿ ಜರ್ಮನ್ ಜನಾಂಗದ ಉಚ್ಚಾಟಿತರನ್ನು ಹೊರಗಿಟ್ಟಿತ್ತು. ನಾಜಿಗಳಿಗೆ ಬಲಿಯಾದವರಿಗೆ ಮೊದಲು ನೆರವು ಎಂಬುದು ನ್ಯಾಯವೇ. ಆದರೆ ಹಸಿದ ಕೂಸಿಗೆ ರಾಷ್ಟ್ರೀಯತೆ ಏನು ಗೊತ್ತು?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ಮುಖ್ಯರಾದವರು ಒಬ್ಬ ಯಹೂದಿ ಎಂಬುದು ನೆನಪಿಡಬೇಕಾದ ಸಂಗತಿ. ಲಂಡನ್ನಿನ ಪ್ರಕಾಶಕ ವಿಕ್ಟರ್ ಗೊಲಾನ್ಸ್ ಯುದ್ಧಕಾಲದಲ್ಲಿ ಯಹೂದಿಗಳನ್ನು ಉಳಿಸಿ ಎಂದು ಬ್ರಿಟನ್ನಿನ ಬಾಗಿಲು ಬಡಿದಿದ್ದವರು. 1945ರಲ್ಲಿ ಅವರೇ ‘ಸೇವ್ ಯೂರೋಪ್ ನೌ’ ಎಂಬ ಆಂದೋಲನ ಕಟ್ಟಿ, ಜರ್ಮನರನ್ನೂ ಉಪವಾಸ ಕೆಡವಬೇಡಿ ಎಂದು ವಾದಿಸಿದರು. 1946ರಲ್ಲಿ ಬ್ರಿಟಿಷ್ ವಲಯ ಸುತ್ತಿ, ಕಂಡದ್ದನ್ನು ಪುಸ್ತಕವಾಗಿಸಿದರು. ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ 1960ರಲ್ಲಿ ಅವರಿಗೆ ಸಂದಿತು.

ಹೊರೆ ಹಂಚಿಕೊಂಡ ದೇಶ

1950ರ ಹೊತ್ತಿಗೆ ಪಶ್ಚಿಮ ಜರ್ಮನಿಯಲ್ಲಿ ಸುಮಾರು 80 ಲಕ್ಷ, ಪೂರ್ವ ಜರ್ಮನಿಯಲ್ಲಿ 40 ಲಕ್ಷಕ್ಕೂ ಹೆಚ್ಚು ಉಚ್ಚಾಟಿತರಿದ್ದರು. ಪಶ್ಚಿಮದಲ್ಲಿ ಆರು ಜನರಲ್ಲಿ ಒಬ್ಬರು, ಪೂರ್ವದಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ನೆಲೆಯಿಲ್ಲದ, ಸಿಟ್ಟಿನ ಇಷ್ಟು ಜನ ಇನ್ನೊಂದು ಯುದ್ಧಕ್ಕೆ ಬತ್ತಿ ಇಡಬಹುದೆಂಬ ಭಯ ಎಲ್ಲರಿಗೂ ಇತ್ತು. ಹಾಗಾಗಲಿಲ್ಲ.

ಒಂದು ಕಾರಣ 1952ರ ‘ಹೊರೆ ಹಂಚಿಕೆ ಕಾನೂನು’. ಯುದ್ಧದಲ್ಲಿ ಮನೆಮಾರು ಉಳಿಸಿಕೊಂಡವರು ಕಳೆದುಕೊಂಡವರಿಗೆ ಪಾಲು ಕೊಡಬೇಕು ಎಂಬುದು ಅದರ ತಿರುಳು. 1948ರ ಜೂನ್‌ನಲ್ಲಿದ್ದ ಆಸ್ತಿಯ ಮೌಲ್ಯದ ಅರ್ಧ ಭಾಗವನ್ನು ತೆರಿಗೆಯಾಗಿ ನಿಗದಿ ಮಾಡಲಾಯಿತು. ಅರ್ಧ ಆಸ್ತಿ ಎಂದರೆ ಯಾರೂ ದಂಗೆ ಏಳಬೇಕು. ಆದರೆ ಅದನ್ನು ಒಮ್ಮೆಗೇ ಕೇಳಲಿಲ್ಲ. 30 ವರ್ಷಗಳಲ್ಲಿ ಮೂರು ತಿಂಗಳಿಗೊಂದರಂತೆ ಕಂತು ಕಟ್ಟಿದರಾಯಿತು. ಆರ್ಥಿಕತೆ ಬೆಳೆದಂತೆ ಕಂತು ಹಗುರವಾಯಿತು. ಆ ಹಣದಿಂದ ಉಚ್ಚಾಟಿತರಿಗೆ ಪರಿಹಾರ, ಪಿಂಚಣಿ, ಮನೆ ಕಟ್ಟಲು ಮತ್ತು ಅಂಗಡಿ ತೆರೆಯಲು ಸಾಲ ಸಿಕ್ಕಿತು.

ಇನ್ನೊಂದು ಕಾರಣ ಅವರ ಕೈಯಲ್ಲಿದ್ದ ಕಸುಬು. ಜೆಕ್ ನಾಡಿನ ಗಾಬ್ಲೊಂಟ್ಸ್ ಪಟ್ಟಣ ಗಾಜಿನ ಮಣಿ, ಒಡವೆಗಳಿಗೆ ಜಗತ್ಪ್ರಸಿದ್ಧ. ಒಂದು ಕಾಲದಲ್ಲಿ ಅಲ್ಲಿನ ಗಾಜಿನ ಬಳೆಗಳು ಹಡಗು ಹತ್ತಿ ಭಾರತದ ಪೇಟೆಗಳಿಗೂ ಬರುತ್ತಿದ್ದವು. ನಮ್ಮ ಮುತ್ತಜ್ಜಿಯರ ಕಾಲದ ಯಾವುದೋ ಕೈಯಲ್ಲಿ ಗಾಬ್ಲೊಂಟ್ಸ್ ಬಳೆ ಕಿಣಿಗುಟ್ಟಿದ್ದರೆ ಆಶ್ಚರ್ಯವಿಲ್ಲ. ಅಲ್ಲಿಂದ ಹೊರಬಿದ್ದ ಕುಶಲಕರ್ಮಿಗಳು ಬವೇರಿಯದ ಕೌಫ್‌ಬ್ಯೂರೆನ್ ಪಟ್ಟಣದ ಬಳಿ, ಯುದ್ಧಕಾಲದ ಸಿಡಿಮದ್ದು ಕಾರ್ಖಾನೆಯ ಪಾಳುಕಟ್ಟಡಗಳಲ್ಲಿ ಸೇರಿದರು. ಗುಜರಿ ಲೋಹ, ಒಡೆದ ಗಾಜು ಹೆಕ್ಕಿ ಕೆಲಸ ಆರಂಭಿಸಿದರು. ಆ ಜಾಗವೇ ಇಂದಿನ ನಾಯ್‌ಗಾಬ್ಲೊಂಟ್ಸ್, ಅಂದರೆ ಹೊಸ ಗಾಬ್ಲೊಂಟ್ಸ್.

ರಾಜಕೀಯದಲ್ಲೂ ಇದರ ಗುರುತು ಕಾಣುತ್ತದೆ. ಉಚ್ಚಾಟಿತರ ಪಕ್ಷ 1953ರ ಚುನಾವಣೆಯಲ್ಲಿ ಸಂಸತ್ತಿನ 27 ಸ್ಥಾನ ಗೆದ್ದಿತು. 1957ರಲ್ಲಿ ಒಂದೂ ಇಲ್ಲ. ಕೆಲಸ, ಮನೆ ಸಿಕ್ಕ ಮೇಲೆ ಜನರಿಗೆ ಪ್ರತ್ಯೇಕ ಪಕ್ಷ ಬೇಕಾಗಲಿಲ್ಲ.

ಪೂರ್ವ ಜರ್ಮನಿಯ ಕಥೆ ಬೇರೆ. ಅಲ್ಲಿ ಉಚ್ಚಾಟನೆ ಎಂಬ ಪದವನ್ನೇ ಆಡುವಂತಿರಲಿಲ್ಲ. ಸೋವಿಯತ್ ಮತ್ತು ಪೋಲಿಷ್ ‘ಸೋದರ’ರಿಗೆ ಮುಜುಗರವಾಗಬಾರದಲ್ಲ! ಆದ್ದರಿಂದ ಅವರನ್ನು ‘ಪುನರ್ವಸತಿಗರು’ ಎಂದು ಕರೆದರು. ಕೆಲವರಿಗೆ ಭೂಸುಧಾರಣೆಯಲ್ಲಿ ಜಮೀನು ಸಿಕ್ಕಿತು. ನೋವು ಹೇಳಿಕೊಳ್ಳುವ ಅವಕಾಶ ಸಿಗಲಿಲ್ಲ.

ಸತ್ತವರೆಷ್ಟು?

ಇತಿಹಾಸ ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಉಚ್ಚಾಟನೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು 1950ರ ದಶಕದಲ್ಲಿ ಪಶ್ಚಿಮ ಜರ್ಮನಿ ಹೇಳಿತು. ಯುದ್ಧಕ್ಕೆ ಮೊದಲಿನ ಜನಸಂಖ್ಯೆಯಿಂದ ನಂತರದ ಜನಸಂಖ್ಯೆ ಕಳೆದು ತೆಗೆದ ಲೆಕ್ಕ ಅದು. ಅಂಥ ಲೆಕ್ಕದಲ್ಲಿ ‘ಪತ್ತೆಯಾಗದವರು’ ಎಲ್ಲರೂ ‘ಸತ್ತವರು’ ಆಗಿಬಿಡುತ್ತಾರೆ. ದಾಖಲೆಗಳಿಂದ ಒಂದೊಂದೇ ಸಾವನ್ನು ಎಣಿಸಿದ ಅಧ್ಯಯನಗಳು 5ರಿಂದ 6 ಲಕ್ಷದ ಹತ್ತಿರ ಬರುತ್ತವೆ. ಜೆಕೊಸ್ಲೊವಾಕಿಯದ ಮಟ್ಟಿಗೆ ಎರಡೂ ಕಡೆಯ ಇತಿಹಾಸಕಾರರ ಜಂಟಿ ಆಯೋಗ 15,000ದಿಂದ 30,000 ಎಂಬ ಅಂದಾಜಿಗೆ ಬಂತು. ಹಿಂದೆ ಹೇಳುತ್ತಿದ್ದ ಅಂಕಿ ಇದರ ಹಲವು ಪಟ್ಟು. ಅಂಕಿ ದೊಡ್ಡದಾದಷ್ಟೂ ದುಃಖ ದೊಡ್ಡದೆಂದು ತಿಳಿಯುವವರು ಎಲ್ಲ ದೇಶಗಳಲ್ಲೂ ಇರುತ್ತಾರೆ. ಯಾರು ಎಣಿಸಿದರು, ಹೇಗೆ ಎಣಿಸಿದರು ಎಂದು ಕೇಳುವುದೇ ಇತಿಹಾಸದ ಮೊದಲ ಪಾಠ.

ಕ್ಷಮೆಯ ನಿಧಾನ ದಾರಿ

1950ರ ಆಗಸ್ಟ್ 5ರಂದು ಉಚ್ಚಾಟಿತರ ಸಂಘಟನೆಗಳು ಸ್ಟುಟ್‌ಗಾರ್ಟ್‌ನಲ್ಲಿ ಸೇಡು, ಪ್ರತೀಕಾರ ತೊರೆಯುವುದಾಗಿ ಘೋಷಿಸಿದವು. ಒಳ್ಳೆಯ ಮಾತು. ಆದರೆ ಈ ದುರಂತಕ್ಕೆ ಮೂಲವಾದ ನಾಜಿ ಅಪರಾಧಗಳ ಬಗ್ಗೆ ಆ ಘೋಷಣೆಯಲ್ಲಿ ಒಂದು ಪದವೂ ಇಲ್ಲ ಎಂಬ ಟೀಕೆ ಇಂದಿಗೂ ಇದೆ.

ಆಚೆ ಬದಿಯಿಂದ ಮೊದಲ ದಿಟ್ಟ ಹೆಜ್ಜೆ ಬಂದದ್ದು 1965ರಲ್ಲಿ. ಪೋಲೆಂಡಿನ ಬಿಷಪ್‌ಗಳು ಜರ್ಮನ್ ಬಿಷಪ್‌ಗಳಿಗೆ ಪತ್ರ ಬರೆದು, ಕ್ಷಮಿಸುತ್ತೇವೆ ಎಂದಷ್ಟೇ ಹೇಳದೆ ಕ್ಷಮೆಯನ್ನೂ ಕೇಳಿದರು. ಅವರ ಸರ್ಕಾರ ಕೆಂಡವಾಯಿತು. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲಿ ಬ್ರಾಂಟ್ ವಾರ್ಸಾದಲ್ಲಿ ಯಹೂದಿ ಹುತಾತ್ಮರ ಸ್ಮಾರಕದ ಮುಂದೆ ಮೊಣಕಾಲೂರಿದರು. ಅದೇ ದಿನ ಓಡರ್-ನೈಸೆ ಗಡಿಯನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು. ಜರ್ಮನಿ ಒಂದಾದ ಮೇಲೆ 1990ರ ನವೆಂಬರ್ 14ರ ಒಪ್ಪಂದ ಆ ಗಡಿಯನ್ನು ಅಂತಿಮಗೊಳಿಸಿತು. 1997ರ ಜನವರಿಯಲ್ಲಿ ಜರ್ಮನಿ ಮತ್ತು ಜೆಕ್ ಗಣರಾಜ್ಯ ಜಂಟಿ ಘೋಷಣೆ ಹೊರಡಿಸಿ, ಒಬ್ಬರು ಆಕ್ರಮಣಕ್ಕೆ, ಇನ್ನೊಬ್ಬರು ಉಚ್ಚಾಟನೆಯ ಅತಿರೇಕಗಳಿಗೆ ವಿಷಾದ ಸೂಚಿಸಿದರು.

2015ರಲ್ಲಿ, ಬರ್ನೋ ನಗರಸಭೆ 70 ವರ್ಷ ಹಿಂದಿನ ಆ ನಡಿಗೆಗೆ ಅಧಿಕೃತವಾಗಿ ವಿಷಾದ ವ್ಯಕ್ತಪಡಿಸಿತು. ಜೆಕ್ ಯುವಕರೂ ಜರ್ಮನ್ ಹಿರಿಯರೂ ಜತೆಯಾಗಿ ಅದೇ ದಾರಿಯನ್ನು ಹಿಮ್ಮುಖವಾಗಿ, ಪೊಹೊರ್ಜೆಲಿಟ್ಸೆಯಿಂದ ಬರ್ನೋ ಕಡೆಗೆ, ಮನೆಗೆ ಮರಳುವವರಂತೆ ನಡೆದರು.

ಹೆಸರು ಬದಲಾದ ಊರುಗಳು

ಅಂದು ಬ್ರೆಸ್ಲಾವ್ – ಇಂದು ವ್ರೊಟ್ಸ್ವಾಫ್ (ಪೋಲೆಂಡ್)
ಅಂದು ಡಾನ್ಸಿಗ್ – ಇಂದು ಗ್ದಾನ್ಸ್ಕ್ (ಪೋಲೆಂಡ್)
ಅಂದು ಸ್ಟೆಟಿನ್ – ಇಂದು ಶ್ಚೆಚಿನ್ (ಪೋಲೆಂಡ್)
ಅಂದು ಕೋನಿಗ್ಸ್‌ಬರ್ಗ್ – ಇಂದು ಕಲಿನಿನ್‌ಗ್ರಾಡ್ (ರಷ್ಯ)
ಅಂದು ಗಾಬ್ಲೊಂಟ್ಸ್ – ಇಂದು ಯಾಬ್ಲೊನೆಟ್ಸ್ (ಜೆಕ್ ಗಣರಾಜ್ಯ)

ನಮ್ಮ ಮಕ್ಕಳಿಗೆ ಇದೇಕೆ?

ಪಾಟ್ಸ್‌ಡ್ಯಾಮ್ ಸಭೆ ನಡೆದ ಎರಡೇ ವರ್ಷಕ್ಕೆ ನಮ್ಮ ಉಪಖಂಡದಲ್ಲೂ ಗೆರೆ ಎಳೆಯಲಾಯಿತು. ಕೋಟಿಗೂ ಮೀರಿ ಜನ ಗಡಿ ದಾಟಿದರು. ಜನರನ್ನು ಬೇರ್ಪಡಿಸಿದರೆ ಜಗಳ ತೀರುತ್ತದೆಂಬ ನಂಬಿಕೆ ಆ ಕಾಲದ್ದು. ಅದರ ಬೆಲೆ ಕಂಡ ಮೇಲೆ ಕಾನೂನು ನಿಧಾನವಾಗಿ ಎಚ್ಚೆತ್ತಿತು. 1949ರ ನಾಲ್ಕನೇ ಜಿನೀವಾ ಒಪ್ಪಂದ, ಆಕ್ರಮಿತ ಪ್ರದೇಶದಿಂದ ನಾಗರಿಕರನ್ನು ಬಲವಂತವಾಗಿ ಸಾಗಿಸುವುದನ್ನು ನಿಷೇಧಿಸಿತು. ಆದರೂ 1990ರ ದಶಕದ ಬಾಸ್ನಿಯದಲ್ಲಿ ಅದೇ ಕಥೆ ಮರುಕಳಿಸಿತು.

ಪೋಷಕರು ಮಕ್ಕಳೊಂದಿಗೆ ಈ ಕಥೆ ಮಾತನಾಡುವಾಗ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಬೇಕು. ಒಂದು, ನಾಜಿ ಜರ್ಮನಿ ಮಾಡಿದ ಅಪರಾಧಕ್ಕೆ ಯಾವ ಸಮರ್ಥನೆಯೂ ಇಲ್ಲ. ಎರಡು, ಆ ಅಪರಾಧಕ್ಕಾಗಿ ಏಳು ವರ್ಷದ ಹುಡುಗಿಯನ್ನು ಗೂಡ್ಸ್ ವ್ಯಾಗನ್ನಿಗೆ ತುಂಬುವುದಕ್ಕೂ ಸಮರ್ಥನೆ ಇಲ್ಲ. ಅಪರಾಧ ಮಾಡಿದವನಿಗೆ ಹೆಸರಿರುತ್ತದೆ, ಅವನಿಗೆ ನ್ಯಾಯಾಲಯವಿದೆ. ಒಂದು ಭಾಷೆಯವರು, ಒಂದು ಧರ್ಮದವರು ಎಂದು ಗುಂಪಿಗೆ ಗುಂಪನ್ನೇ ಶಿಕ್ಷಿಸಲು ಹೊರಟರೆ ಅದು ಮೊದಲು ತಲುಪುವುದು ಓಡಲಾರದವರನ್ನು.

ನೈಸೆ ನದಿಯ ಒಂದು ದಡದಲ್ಲಿ ಜರ್ಮನಿಯ ಗೋರ್ಲಿಟ್ಸ್, ಇನ್ನೊಂದು ದಡದಲ್ಲಿ ಪೋಲೆಂಡಿನ ಜ್ಗೊಜೆಲೆಟ್ಸ್. 1945ರವರೆಗೆ ಅದು ಒಂದೇ ಊರು. ಯುದ್ಧದಲ್ಲಿ ಒಡೆದ ಹಳೆಯ ಪೇಟೆಯ ಸೇತುವೆಯನ್ನು 2004ರಲ್ಲಿ ಮತ್ತೆ ಕಟ್ಟಿದರು. 2007ರ ಡಿಸೆಂಬರ್ 21ರಂದು ಪಾಸ್‌ಪೋರ್ಟ್ ತಪಾಸಣೆಯೂ ನಿಂತಿತು. ಜನ ಅತ್ತ ತರಕಾರಿಗೆ, ಇತ್ತ ಕೆಲಸಕ್ಕೆ ಓಡಾಡತೊಡಗಿದರು. 2023ರ ಅಕ್ಟೋಬರ್‌ನಲ್ಲಿ ಜರ್ಮನಿ ಆ ಗಡಿಯಲ್ಲಿ ಮತ್ತೆ ಪೊಲೀಸರನ್ನು ನಿಲ್ಲಿಸಿತು. ಈ ಸಲ ತಡೆಯಬೇಕಾಗಿದ್ದದ್ದು ದೂರದ ದೇಶಗಳಿಂದ ಮನೆ ಬಿಟ್ಟು ಬಂದವರನ್ನು. ಅಲ್ಲಿ ನಿಂತ ಪೊಲೀಸರಲ್ಲಿ ಎಷ್ಟೋ ಮಂದಿಯ ಅಜ್ಜಿಯರು ಅದೇ ನದಿಯನ್ನು ಗಂಟು ಹೊತ್ತು ದಾಟಿ ಬಂದವರೇ ಇರಬಹುದು.